ತೊಟ್ಟಿಯಲ್ಲಿ ಎದ್ದ ಗುಳ್ಳೆ

ಏಪ್ರಿಲ್ ನಡುಭಾಗ. ಕಲಬುರಗಿಯ ಹುಮನಾಬಾದ್ ರಸ್ತೆಯ ಪಕ್ಕ, ತಗಡಿನ ಚಪ್ಪರದ ಅಂಗಡಿಯ ಮುಂದೆ ನಾಲ್ಕು ಗಾಡಿಗಳು ಬಾನೆಟ್ ತೆರೆದು ನಿಂತಿವೆ. ಒಳಗೆ ಸಿಮೆಂಟ್ ತೊಟ್ಟಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ ಉಸ್ತಾದರು ಹಳೆಯ ಅಂಬಾಸಿಡರ್ ರೇಡಿಯೇಟರನ್ನು ನೀರಿಗೆ ಮುಳುಗಿಸಿದ್ದಾರೆ. ಒಂದು ಬಾಯಿಗೆ ರಬ್ಬರ್ ಬಿರಡೆ, ಇನ್ನೊಂದಕ್ಕೆ ಗಾಳಿ ಪೈಪು. ಎಡಮೂಲೆಯಿಂದ ಸಾಸಿವೆಯಷ್ಟು ಗುಳ್ಳೆ ಎದ್ದಿತು. ಹಿಂದೆಯೇ ಇನ್ನೊಂದು. ಆ ಜಾಗಕ್ಕೆ ಹೆಬ್ಬೆರಳು ಒತ್ತಿ, "ಸಿಕ್ತು ನೋಡ್ರಿ" ಎಂದರು.

ಬೇಸಿಗೆಗೆ ಕಾರನ್ನು ಹೇಗೆ ಸಜ್ಜು ಮಾಡಬೇಕೆಂದು ಕೇಳಿ ಬರೆಯಲು ಹೋಗಿದ್ದೆ. ಆ ಗುಳ್ಳೆ ಕಂಡ ಮೇಲೆ ದಿನವಿಡೀ ಅಲ್ಲೇ ಕೂತೆ.

ಉಸ್ತಾದರ ತಂದೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರಂತೆ. ಮನೆಗಳಲ್ಲಿ ತಾಮ್ರ, ಹಿತ್ತಾಳೆ ಹೋಗಿ ಸ್ಟೀಲು ಬಂದಾಗ ಕುಲುಮೆ ಆರಿತು. ಆದರೆ ಲಾರಿಗಳ ರೇಡಿಯೇಟರ್ ಆಗ ತಾಮ್ರ-ಹಿತ್ತಾಳೆಯದೇ. ತವರದ ಹದ ಗೊತ್ತಿದ್ದ ಕೈ ಪಾತ್ರೆಯಿಂದ ರೇಡಿಯೇಟರಿಗೆ ಬಂತು.

ಸೋರುವ ಜಾಗವನ್ನು ಬ್ರಷ್ಷಿನಿಂದ ತಿಕ್ಕಿ, ಸತುವು ಕರಗಿಸಿದ ಆಸಿಡ್ ಹಚ್ಚಿ, ಕಾದ ತಾಮ್ರದ ಮೂತಿಯಿಂದ ಬೆಸುಗೆ ಎಳೆಯುತ್ತಾರೆ. ಮಂಕಾಗಿದ್ದ ಹಿತ್ತಾಳೆಯ ಮೇಲೆ ತವರ-ಸೀಸ ಕನ್ನಡಿಯಂತೆ ಹರಡುವ ಆ ಕ್ಷಣ ನೋಡಲೇಬೇಕು. ಕಾವು ಸ್ವಲ್ಪ ಹೆಚ್ಚಾದರೂ ಪಕ್ಕದ ಬೆಸುಗೆ ಬಿಚ್ಚುತ್ತದೆ. ಅಳೆಯಲು ಮೀಟರ್ ಇಲ್ಲ. ಬಣ್ಣ ನೋಡಿಯೇ ಕೈ ಹಿಂದಕ್ಕೆ ಬರುತ್ತದೆ.

ಇದಕ್ಕಿಂತ ತಾಳ್ಮೆಯ ಕೆಲಸ ರಾಡ್ ಹೊಡೆಯುವುದು. ಮೇಲಿನ ಟ್ಯಾಂಕ್ ಬಿಚ್ಚಿ, ಒಂದೊಂದು ಕೊಳವೆಗೂ ತೆಳ್ಳನೆಯ ಉಕ್ಕಿನ ಪಟ್ಟಿ ಇಳಿಸಿ ಎಳೆಯುತ್ತಾರೆ. ಜೊತೆಗೇ ಬಿಳಿ ಪುಡಿ ಉದುರುತ್ತದೆ. ಸುಣ್ಣದ ಕಲ್ಲಿನ ನೆಲ ಇದು. ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೂ, ಮನೆಮನೆಗೆ ಹಾಸಿದ ಶಹಾಬಾದಿ ಪರಸಿಯೂ ಅದರಿಂದಲೇ. ಬೋರಿನ ನೀರಲ್ಲಿ ಕರಗಿ ಬಂದ ಅದೇ ಸುಣ್ಣ ಇಂಜಿನ್ನಿನ ಕಾವಿಗೆ ಕೊಳವೆಗಳಲ್ಲಿ ಗಟ್ಟಿ ಕೂರುತ್ತದೆ. ಹೊರಗೆ 42 ಡಿಗ್ರಿ ಇದ್ದ ದಿನ ಗಾಡಿ ಕುದಿಯದೇ ಇನ್ನೇನಾದೀತು? "ಕೂಲಂಟ್ ಹಾಕ್ರಿ, ಬೆರಸಾಕ ಡಿಸ್ಟಿಲ್ಡ್ ವಾಟರ್ ತಗೋರಿ. ಬೋರಿನ ನೀರು ಬ್ಯಾಡ" ಎಂದು ಬಂದವರಿಗೆಲ್ಲ ಹೇಳುತ್ತಾರೆ.

ಅವರು ದನಿ ಏರಿಸಿದ್ದು ಒಂದೇ ಸಲ. ಆಗಷ್ಟೇ ಬಂದು ನಿಂತ ಗಾಡಿಯ ರೇಡಿಯೇಟರ್ ಮುಚ್ಚಳಕ್ಕೆ ಹುಡುಗನೊಬ್ಬ ಕೈ ಹಾಕಿದಾಗ. "ಆರಲಿ ತಡಿಯಪ್ಪಾ, ಮಾರಿ ಸುಟ್ಕೊಂತಿ!" ಮುಚ್ಚಳ ಒಳಗೆ ಒತ್ತಡ ಹಿಡಿದಿಡುತ್ತದೆ, ಒಂದು ಬಾರ್‌ನಷ್ಟು ಹೆಚ್ಚುವರಿ ಒತ್ತಡವಿದ್ದರೆ ನೀರು ಕುದಿಯುವುದು 120 ಡಿಗ್ರಿಯ ಆಸುಪಾಸಿನಲ್ಲಿ. ಮುಚ್ಚಳ ತೆಗೆದೊಡನೆ ಒತ್ತಡ ಇಳಿದು, ಕಾದ ನೀರು ಆವಿಯಾಗಿ ಮುಖಕ್ಕೇ ಹಾರುತ್ತದೆ. ಮುಚ್ಚಳದ ರಬ್ಬರ್ ಹಳತಾದರೆ ಇಡೀ ಇಂಜಿನ್ನಿಗೆ ಕುತ್ತು. ಬೇಸಿಗೆಗೆ ಮುಂಚೆ ಅದನ್ನೂ ಹೋಸ್ ಪೈಪುಗಳನ್ನೂ ನೋಡಿಸಿ, ಟೈರಿನ ಗಾಳಿಯನ್ನು ಬೆಳಿಗ್ಗೆ ಗಾಡಿ ಓಡಿಸುವ ಮೊದಲೇ ಅಳೆಸಬೇಕು. ಬ್ಯಾಟರಿಗೂ ಬಿಸಿಲು ಶತ್ರು.

ಮಧ್ಯಾಹ್ನ ಚಹಾ ಬಂತು. ಅಂಬಾಸಿಡರ್ ಕಾಲದ ಡ್ರೈವರುಗಳು ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದುದನ್ನು ಉಸ್ತಾದರು ನೆನೆದರು. ಕಾವಿಗೆ ಪೆಟ್ರೋಲು ಪಂಪಿನಲ್ಲೇ ಆವಿಯಾಗಿ ಗಾಡಿ ನಿಂತುಬಿಡುತ್ತಿತ್ತು. ಆ ಕಾರಿನ ತಯಾರಿಕೆ 2014ರಲ್ಲಿ ನಿಂತಿತು.

ಈಗಿನ ಕಾರುಗಳಲ್ಲಿ ಅಲ್ಯೂಮಿನಿಯಂ ರೇಡಿಯೇಟರ್, ಪ್ಲಾಸ್ಟಿಕ್ ಟ್ಯಾಂಕು. ಹಗುರ, ಅಗ್ಗ ಹೌದು; ಆದರೆ ಈ ತವರ ಅದಕ್ಕೆ ಅಂಟುವುದಿಲ್ಲ. ಒಡೆದರೆ ಬದಲಿಸುವುದೇ ದಾರಿ. ಅಂಗಡಿಗೆ ಈಗ ಬರುವುದು ಹೆಚ್ಚಾಗಿ ಹಳೆಯ ಟ್ರ್ಯಾಕ್ಟರ್, ಜನರೇಟರ್, ಅಪರೂಪಕ್ಕೊಂದು ಅಂಬಾಸಿಡರ್. ರಿಪೇರಿಯಾಗುವ ವಸ್ತುವನ್ನು ಎಸೆಯುವ ಅಭ್ಯಾಸ ನನಗಂತೂ ಒಪ್ಪಿಗೆಯಿಲ್ಲ.

ಸಂಜೆ ಆ ರೇಡಿಯೇಟರ್ ಮತ್ತೆ ತೊಟ್ಟಿಗಿಳಿಯಿತು. ಎಷ್ಟು ಹೊತ್ತು ಕಾದರೂ ಗುಳ್ಳೆ ಏಳಲಿಲ್ಲ.

ನಿಮ್ಮ ಹಿತ್ತಲಲ್ಲಿ ತಾಮ್ರದ ರೇಡಿಯೇಟರಿನ ಹಳೆಯ ಗಾಡಿ ನಿಂತಿದ್ದರೆ, ಗುಜರಿಗೆ ಕೊಡುವ ಮುನ್ನ ಇಂಥವರಿಗೆ ಒಮ್ಮೆ ತೋರಿಸಿ. ಉಸ್ತಾದರಿಗೆ ಈಗ ಅರವತ್ತೆಂಟು. ಅಂಗಡಿಯಲ್ಲಿ ಶಿಷ್ಯರಿಲ್ಲ.