ತೆಂಗಿನಕಾಯಿ ಗುರುತಿನ ಪಕ್ಷ: ಹದಿಮೂರು ತಿಂಗಳ ಕೆಜೆಪಿ ತರೀಕೆರೆಯಲ್ಲಿ ಮಾಡಿದ್ದೇನು?

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ತೆಂಗಿನಕಾಯಿ ಅಂದ್ರೆ ಯಾರೂ ತಿರುಗಿ ನೋಡಲ್ಲ. ತೋಟದಲ್ಲಿ, ಹಿತ್ತಲಲ್ಲಿ ಇರೋದೇ ಅದು. ಆದರೆ 2013ರ ಮೇ ತಿಂಗಳಲ್ಲಿ ಮತಯಂತ್ರದ ಮೇಲೂ ಒಂದು ತೆಂಗಿನಕಾಯಿ ಇತ್ತು. ಕರ್ನಾಟಕ ಜನತಾ ಪಕ್ಷ, ಅಂದರೆ ಕೆಜೆಪಿಯ ಗುರುತು. ಬಿ.ಎಸ್. ಯಡಿಯೂರಪ್ಪನವರ ಪಕ್ಷವಾಗಿ ಅದು ಉಳಿದಿದ್ದು ಬರೀ ಹದಿಮೂರು ತಿಂಗಳು. ಅಷ್ಟರಲ್ಲಿ ಅದು ಏನು ಮಾಡಿತು ಅನ್ನೋದನ್ನ ಇವತ್ತು ನೋಡೋಣ.

ಹಿನ್ನೆಲೆ ಬಹಳ ಜನಕ್ಕೆ ಗೊತ್ತು, ಹಾಗಾಗಿ ಬೇಗ ಹೇಳಿಬಿಡ್ತೀನಿ. 2008ರಲ್ಲಿ ಬಿಜೆಪಿ 110 ಸೀಟು ಗೆದ್ದು ಯಡಿಯೂರಪ್ಪ ಮುಖ್ಯಮಂತ್ರಿಯಾದರು. 2011ರಲ್ಲಿ ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ವರದಿ ಬಂತು, ಅವರು ಕುರ್ಚಿ ಬಿಟ್ಟರು. ಮತ್ತೆ ಆ ಕುರ್ಚಿ ಸಿಗುವ ಸೂಚನೆ ಕಾಣಲಿಲ್ಲ. 2012ರ ನವೆಂಬರ್ 30ಕ್ಕೆ ಬಿಜೆಪಿಗೆ ರಾಜೀನಾಮೆ, ಡಿಸೆಂಬರ್ 9ಕ್ಕೆ ಹಾವೇರಿಯಲ್ಲಿ ಕೆಜೆಪಿ ಸಮಾವೇಶ.

ಇಲ್ಲಿ ಒಂದು ವಿಷಯ ಗಮನಿಸಿ. ಕೆಜೆಪಿಯನ್ನ ಯಡಿಯೂರಪ್ಪ ಹೊಸದಾಗಿ ಹುಟ್ಟುಹಾಕಿದ್ದಲ್ಲ. ಪದ್ಮನಾಭ ಪ್ರಸನ್ನ ಅನ್ನುವವರು ಮೊದಲೇ ನೋಂದಣಿ ಮಾಡಿಸಿದ್ದ ಪಕ್ಷ ಅದು. ಕಟ್ಟಿದ ಮನೆಗೆ ಹೊಸ ಯಜಮಾನರು ಬಂದ ಹಾಗೆ. ಇನ್ನೊಂದು ತೊಡಕು ಪಕ್ಷಾಂತರ ನಿಷೇಧ ಕಾಯ್ದೆಯದ್ದು. ಬಿಜೆಪಿ ಶಾಸಕರಾಗಿ ಇದ್ದುಕೊಂಡೇ ಕೆಜೆಪಿ ಸೇರಿದರೆ ಸ್ಥಾನ ಹೋಗುತ್ತೆ. ಅದಕ್ಕೇ ಎಷ್ಟೋ ಶಾಸಕರು ಮನಸ್ಸು ಅಲ್ಲಿ, ದೇಹ ಇಲ್ಲಿ ಅನ್ನುವಂತೆ ಇದ್ದರು. ಶೋಭಾ ಕರಂದ್ಲಾಜೆ, ಸಿ.ಎಂ. ಉದಾಸಿ ಮುಂತಾದವರು 2013ರ ಜನವರಿಯಲ್ಲಿ ರಾಜೀನಾಮೆ ಕೊಟ್ಟೇ ಹೊರಬಂದರು.

ಈಗ ಲೆಕ್ಕಕ್ಕೆ ಬರೋಣ, ಕಥೆಯ ತಿರುಳು ಇರೋದೇ ಅಲ್ಲಿ. 2013ರಲ್ಲಿ ಕೆಜೆಪಿ ಗೆದ್ದಿದ್ದು ಆರೇ ಸೀಟು. ಮತ ಮಾತ್ರ ಶೇ. 9.8. ಬಿಜೆಪಿ ಶೇ. 33.9ರಿಂದ 19.9ಕ್ಕೆ ಕುಸಿದು 40 ಸೀಟಿಗೆ ನಿಂತಿತು. ಎರಡನ್ನೂ ಕೂಡಿಸಿ ನೋಡಿ, ಸುಮಾರು 29.7 ಆಗುತ್ತೆ. ಬಳ್ಳಾರಿಯ ಶ್ರೀರಾಮುಲು ಅವರ ಬಿಎಸ್‌ಆರ್ ಕಾಂಗ್ರೆಸ್ ಪಾಲನ್ನೂ ಸೇರಿಸಿದರೆ 32 ದಾಟುತ್ತೆ. ಅಂದರೆ ಮತ ಎಲ್ಲಿಗೂ ಹೋಗಿರಲಿಲ್ಲ, ಹಂಚಿಹೋಗಿತ್ತು ಅಷ್ಟೇ. ಅತ್ತ ಕಾಂಗ್ರೆಸ್ ಮತ ಏರಿದ್ದು ಶೇ. 34.8ರಿಂದ 36.6ಕ್ಕೆ, ಎರಡು ಅಂಶವೂ ಇಲ್ಲ. ಸೀಟು ಮಾತ್ರ 80ರಿಂದ 122! ಕ್ಷೇತ್ರದಲ್ಲಿ ಯಾರಿಗೆ ಒಂದು ಮತ ಜಾಸ್ತಿಯೋ ಅವರೇ ಗೆದ್ದ ಹಾಗೆ ಅನ್ನೋ ಪದ್ಧತಿಯಲ್ಲಿ ಹೀಗೇ ಆಗೋದು.

ತರೀಕೆರೆಗೆ ಬನ್ನಿ. ಆಗ ಅಜ್ಜಂಪುರ ಇನ್ನೂ ತಾಲ್ಲೂಕಾಗಿರಲಿಲ್ಲ, ತರೀಕೆರೆ ತಾಲ್ಲೂಕಿಗೇ ಸೇರಿತ್ತು. 2008ರಲ್ಲಿ ಇಲ್ಲಿ ಬಿಜೆಪಿಯಿಂದ ಗೆದ್ದಿದ್ದ ಡಿ.ಎಸ್. ಸುರೇಶ್ 2013ರಲ್ಲಿ ತೆಂಗಿನಕಾಯಿ ಹಿಡಿದು ನಿಂತರು. ಕಾಂಗ್ರೆಸ್‌ನ ಜಿ.ಎಚ್. ಶ್ರೀನಿವಾಸ್ ಎದುರು ಸೋತರು, ಅದೂ ಸಾವಿರಕ್ಕಿಂತ ಕಡಿಮೆ ಮತದಲ್ಲಿ. ಕಮಲ, ತೆಂಗಿನಕಾಯಿ ಬೇರೆ ಬೇರೆ ನಿಂತ ಚುನಾವಣೆಯಲ್ಲಿ ಅಷ್ಟು ಮತ ಎಷ್ಟರದ್ದು ಹೇಳಿ? ನಾಲ್ಕು ಹಳ್ಳಿ ಅತ್ತಿತ್ತ ಆಗಿದ್ದರೆ ಫಲಿತಾಂಶವೇ ಬೇರೆ.

ಆದರೆ ಎಲ್ಲ ಸೋಲನ್ನೂ ಕೆಜೆಪಿ ತಲೆಗೆ ಕಟ್ಟೋದು ನನಗೆ ಸರಿ ಕಾಣಲ್ಲ. ಪಕ್ಕದ ಕಡೂರನ್ನೇ ನೋಡಿ. 2010ರ ಉಪಚುನಾವಣೆಯಲ್ಲಿ ಬಿಜೆಪಿ ಗೆದ್ದಿದ್ದ ಕ್ಷೇತ್ರ. 2013ರಲ್ಲಿ ಜೆಡಿಎಸ್‌ನ ವೈ.ಎಸ್.ವಿ. ದತ್ತ ಭಾರಿ ಅಂತರದಲ್ಲಿ ಗೆದ್ದರು. ಅಲ್ಲಿ ಮತ ವಿಭಜನೆಯ ಮಾತು ಅಷ್ಟಾಗಿ ನಡೆಯಲ್ಲ. ಜಿಲ್ಲೆಯ ಐದು ಸೀಟಲ್ಲಿ ಚಿಕ್ಕಮಗಳೂರು, ಶೃಂಗೇರಿ ಬಿಜೆಪಿಗೇ ಉಳಿದವು. ಮೂಡಿಗೆರೆಯೂ ಜೆಡಿಎಸ್‌ಗೆ ಹೋಯಿತು. ಕೆಜೆಪಿಗೆ ಜಿಲ್ಲೆಯಲ್ಲಿ ಸೊನ್ನೆ.

ಇಂಥ ಪಕ್ಷ ನಮಗೆ ಹೊಸದಲ್ಲ. ಪಕ್ಕದ ಶಿವಮೊಗ್ಗದ ಬಂಗಾರಪ್ಪನವರು 1994ರಲ್ಲಿ ಕರ್ನಾಟಕ ಕಾಂಗ್ರೆಸ್ ಪಕ್ಷ ಕಟ್ಟಿ 10 ಸೀಟು ತಂದಿದ್ದರು. ಆಮೇಲೆ ಕರ್ನಾಟಕ ವಿಕಾಸ ಪಕ್ಷ. ನಾಯಕರ ಹಿಂದೆ ಪಕ್ಷ ಹೋಗುತ್ತೆ, ನಾಯಕರು ಮನೆ ಬದಲಿಸಿದರೆ ಬಾಗಿಲು ಹಾಕುತ್ತೆ.

ಕೆಜೆಪಿ ಬಾಗಿಲು ಹಾಕಿದ್ದು 2014ರ ಜನವರಿಯಲ್ಲಿ. ಲೋಕಸಭೆ ಚುನಾವಣೆ ಎದುರಿಗಿತ್ತು, ಎರಡೂ ಕಡೆಯವರಿಗೆ 2013ರ ಲೆಕ್ಕ ಅರ್ಥವಾಗಿತ್ತು. ಶಾಸಕರ ಸ್ಥಾನ ಉಳಿಯಬೇಕಾದರೆ ಮೂರನೇ ಎರಡರಷ್ಟು ಜನ ವಿಲೀನಕ್ಕೆ ಒಪ್ಪಬೇಕು, ಆರರಲ್ಲಿ ನಾಲ್ಕು. ಅಷ್ಟು ಸಿಕ್ಕಿತು. ಆಳಂದದ ಬಿ.ಆರ್. ಪಾಟೀಲ್ ಬಿಜೆಪಿಗೆ ಹೋಗಲಿಲ್ಲ, ಮುಂದೆ ಕಾಂಗ್ರೆಸ್ ಸೇರಿದರು.

ನಾಲ್ಕೇ ತಿಂಗಳಲ್ಲಿ ಬಿಜೆಪಿ ರಾಜ್ಯದ 28ರಲ್ಲಿ 17 ಲೋಕಸಭಾ ಸ್ಥಾನ ಗೆದ್ದಿತು. 2013ರಲ್ಲಿ ರಾಜಾಜಿನಗರದಲ್ಲಿ ಕೆಜೆಪಿಯಿಂದ ಸೋತಿದ್ದ ಶೋಭಾ ಕರಂದ್ಲಾಜೆ, ಉಡುಪಿ-ಚಿಕ್ಕಮಗಳೂರಿನಿಂದ ಕಮಲದ ಗುರುತಲ್ಲಿ ಸಂಸದೆಯಾದರು. ತರೀಕೆರೆ, ಅಜ್ಜಂಪುರದವರು ಮತ ಹಾಕೋದು ಆ ಕ್ಷೇತ್ರಕ್ಕೇ, ಕಡೂರಿನವರದ್ದು ಹಾಸನ. ವರ್ಷದ ಹಿಂದೆ ಕಮಲ, ತೆಂಗಿನಕಾಯಿ ಅಂತ ಬೇರೆ ಬೇರೆ ಪ್ರಚಾರ ಮಾಡಿದ್ದ ಕಾರ್ಯಕರ್ತರು ಈಗ ಒಂದೇ ಬಾವುಟ ಹಿಡಿಯಬೇಕಾಯಿತು. ಸುರೇಶ್ 2018ರಲ್ಲಿ ಬಿಜೆಪಿಯಿಂದ ತರೀಕೆರೆಯನ್ನ ಮತ್ತೆ ಗೆದ್ದರು, 2023ರಲ್ಲಿ ಅದು ಪುನಃ ಕಾಂಗ್ರೆಸ್‌ನ ಶ್ರೀನಿವಾಸ್ ಅವರಿಗೆ ಹೋಯಿತು.