ಬಾದಾಮಿ ಬಂಡೆಗಳ ನಡುವೆ ಮೊಬೈಲ್‌ನ ತಾಳ

ಎಂಬತ್ತರ ದಶಕದ ಟಿ.ವಿ. ಪೆಟ್ಟಿಗೆಗಳಲ್ಲಿ ವರ್ಟಿಕಲ್ ಹೋಲ್ಡ್ ಎಂಬ ಸಣ್ಣ ತಿರುಪು ಇರುತ್ತಿತ್ತು. ಚಿತ್ರ ಮೇಲಿಂದ ಕೆಳಕ್ಕೆ ಉರುಳತೊಡಗಿದರೆ ಮನೆಯಲ್ಲಿ ಯಾರಾದರೊಬ್ಬರು ಎದ್ದು ಅದನ್ನು ತಿರುವಿ ನಿಲ್ಲಿಸಬೇಕಿತ್ತು. ಸೆಕೆಂಡಿಗೆ 25 ಚಿತ್ರ, ಒಂದೊಂದರಲ್ಲಿ 625 ಗೆರೆ. ಗೆರೆ ಎಲ್ಲಿ ಶುರುವಾಯಿತು, ಚಿತ್ರ ಎಲ್ಲಿ ಮುಗಿಯಿತು ಎಂದು ಹೇಳುವ ಗುರುತುಗಳನ್ನು ದೂರದರ್ಶನವೇ ಸಂಕೇತದೊಳಗೆ ಸೇರಿಸಿ ಕಳಿಸುತ್ತಿತ್ತು. ಪೆಟ್ಟಿಗೆಯೊಳಗಿನ ತಾಳ ಆ ಗುರುತಿಗೆ ಕೂಡದಿದ್ದರೆ ಚಿತ್ರ ಓಡುತ್ತಿತ್ತು. ರೇಡಿಯೊದಲ್ಲಿ 765 ಕಿಲೊಹರ್ಟ್ಸ್‌ನ ಧಾರವಾಡ ಆಕಾಶವಾಣಿಯನ್ನು ಹಿಡಿಯಲು ಕಿವಿಗೊಟ್ಟು ಗುಂಡಿ ತಿರುವುವುದೂ ಇದೇ ಬಗೆಯ ಕೆಲಸ.

ಈಗ ಗುಂಡಿಗಳಿಲ್ಲ, ಕೆಲಸ ಮಾತ್ರ ಹತ್ತು ಪಟ್ಟು ಕಷ್ಟದ್ದಾಗಿದೆ. ಎಂಜಿನಿಯರುಗಳು ಸಿಂಕ್ರೊನೈಸೇಷನ್ ಎನ್ನುವ ಈ ವಿದ್ಯೆಗೆ ಸಿಗಬೇಕಾದ ಗೌರವ ಸಿಕ್ಕಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಮಾತು, ಚಿತ್ರ, ಹಣದ ಲೆಕ್ಕ ಯಾವುದೇ ಬರಲಿ, ಇದು ಕೂಡದೆ ಒಂದಕ್ಷರವೂ ಬಿಡಿಸಲು ಬರುವುದಿಲ್ಲ.

ಬಾಗಲಕೋಟೆ ಜಿಲ್ಲೆಯ ಇಳಕಲ್ ಪೇಟೆಯಲ್ಲಿ ಒಬ್ಬರು 4ಜಿ ಫೋನ್ ಆನ್ ಮಾಡಿದರು ಎನ್ನಿ. ಫೋನಿನ ಗಡಿಯಾರವೆಂದರೆ ಒಳಗಿರುವ ಒಂದು ಚೂರು ಕ್ರಿಸ್ಟಲ್. ಬಿಸಿಲು ಏರಿದರೆ ಅದರ ಮಿಡಿತ ಬದಲಾಗುತ್ತದೆ. ಹತ್ತು ಲಕ್ಷಕ್ಕೆ ಒಂದರಷ್ಟು ತಪ್ಪಿದರೂ 1800 ಮೆಗಾಹರ್ಟ್ಸ್‌ನಲ್ಲಿ 1800 ಹರ್ಟ್ಸ್ ವ್ಯತ್ಯಾಸ. 4ಜಿ ತನ್ನ ಮಾತನ್ನು ಹಂಚಿ ಕಳಿಸುವ ಅಕ್ಕಪಕ್ಕದ ಸಣ್ಣ ಅಲೆಗಳ, ಅಂದರೆ ಉಪವಾಹಕಗಳ, ನಡುವಿನ ಅಂತರವೇ 15,000 ಹರ್ಟ್ಸ್, 1800 ಹರ್ಟ್ಸ್ ತಪ್ಪಿದರೂ ಒಂದರ ಮಾತು ಇನ್ನೊಂದರೊಳಗೆ ಸೋರುತ್ತದೆ. ಇದನ್ನು ತಿದ್ದಿಕೊಳ್ಳಲೆಂದೇ ಟವರ್ 5 ಮಿಲಿಸೆಕೆಂಡಿಗೊಮ್ಮೆ ಒಂದು ಗೊತ್ತಾದ ಸರಣಿಯನ್ನು ಹೊರಡಿಸುತ್ತದೆ. ಅಂಥವು ಮೂರೇ ಮೂರು, ಮೂರೂ ಫೋನಿಗೆ ಬಾಯಿಪಾಠ. ಬಂದ ಸಂಕೇತದ ಮೇಲೆ ಆ ಸರಣಿಯನ್ನು ಸರಿಸುತ್ತ ಗುಣಿಸುತ್ತ ಹೋದಂತೆ, ಎರಡೂ ಕೂಡಿದ ಕ್ಷಣದಲ್ಲಿ ಮೊತ್ತ ಒಮ್ಮೆಲೆ ಶಿಖರದಂತೆ ಏಳುತ್ತದೆ. ಜಡಾಫ್ ಮತ್ತು ಚು ಎಂಬಿಬ್ಬರ ಹೆಸರಿನ ಈ ಸರಣಿಗಳನ್ನು ಕುರಿತು ಚು ಬರೆದದ್ದು 1972ರಲ್ಲಿ. ಆಗ ಕೈಯಲ್ಲಿ ಹಿಡಿಯುವ ಮೊಬೈಲ್ ಫೋನೇ ಮಾರುಕಟ್ಟೆಯಲ್ಲಿರಲಿಲ್ಲ.

ಬಾದಾಮಿಗೆ ಬಂದರೆ ಸಂಗತಿ ಬೇರೆ. ಅಗಸ್ತ್ಯತೀರ್ಥದ ದಂಡೆಯಲ್ಲಿ ನಿಂತವರ ಒಂದು ಪಕ್ಕ ಗುಹಾದೇವಾಲಯಗಳ ಕೆಂಪು ಬಂಡೆ, ಎದುರಿಗೆ ಬಡಗಣ ಕೋಟೆಯ ಬಂಡೆ. ಟವರ್‌ನ ಅಲೆ ನೇರವಾಗಿಯೂ ಬರುತ್ತದೆ, ಬಂಡೆಗೆ ಬಡಿದೂ ಬರುತ್ತದೆ. 300 ಮೀಟರ್ ಸುತ್ತಿ ಬಂದ ಅಲೆ ಒಂದು ಮೈಕ್ರೊಸೆಕೆಂಡ್ ತಡ. ಹಳೆಯ ಇಪ್ಪತ್ತು ಇಂಚಿನ ಟಿ.ವಿ.ಯಲ್ಲಿ ಇಷ್ಟು ತಡವಾದರೆ ಮುಖದ ಬಲಕ್ಕೆ ಮುಕ್ಕಾಲು ಸೆಂಟಿಮೀಟರ್ ದೂರದಲ್ಲಿ ಅದೇ ಮುಖದ ಮಸುಕು ನೆರಳು ಕಾಣುತ್ತಿತ್ತು. 4ಜಿಯಲ್ಲಿ ಸಂಕೇತದ ಪ್ರತಿ ತುಣುಕಿನ ಬಾಲವನ್ನು ನಕಲು ಮಾಡಿ ತಲೆಯ ಮುಂದೆ ಅಂಟಿಸುತ್ತಾರೆ. ಅದರ ಉದ್ದ ಸುಮಾರು 4.7 ಮೈಕ್ರೊಸೆಕೆಂಡ್. ಅಂದರೆ 1.4 ಕಿಲೊಮೀಟರ್ ಹೆಚ್ಚು ಅಲೆದು ಬಂದ ಪ್ರತಿಧ್ವನಿಯನ್ನೂ ಫೋನ್ ತಾಳಿಕೊಳ್ಳಬಲ್ಲದು. ಬಾದಾಮಿಯ ಕಣಿವೆಗೆ ಅಷ್ಟು ಧಾರಾಳ ಸಾಕು.

ಆದರೆ ತುಣುಕಿನ ಎಣಿಕೆಯನ್ನು ಫೋನ್ ಎಲ್ಲಿಂದ ಶುರು ಮಾಡಬೇಕು? ನೇರ ದಾರಿಗೆ ಬಂಡೆ ಅಡ್ಡವಿದ್ದರೆ ಮೊದಲು ಬಂದ ಅಲೆ ಕ್ಷೀಣವಾಗಿರುತ್ತದೆ, ಬಡಿದು ಬಂದದ್ದೇ ಜೋರು. ಜೋರಿನದನ್ನು ನಂಬಿ ತಡವಾಗಿ ಹೊರಟರೆ ಮುಂದಿನ ತುಣುಕು ಒಳಗೆ ನುಗ್ಗುತ್ತದೆ. ಕೊಂಚ ಮುಂಚೆ ಹೊರಟರೆ ಆ ನಕಲು ಬಾಲ ಕಾಪಾಡುತ್ತದೆ. ಆದ್ದರಿಂದ ಜಾಣ ರಿಸೀವರ್ ಶಿಖರಕ್ಕಿಂತ ತುಸು ಮುಂಚೆಯೇ ಎಣಿಕೆ ಶುರು ಮಾಡುತ್ತದೆ.

ಹುನಗುಂದದಿಂದ ಇಳಕಲ್ಲಿಗೆ ಹೆದ್ದಾರಿಯಲ್ಲಿ ಗಂಟೆಗೆ 72 ಕಿಲೊಮೀಟರ್ ವೇಗದ ಬಸ್ಸಿನಲ್ಲಿ ಕೂತವರ ಫೋನಿಗೆ 1800 ಮೆಗಾಹರ್ಟ್ಸ್‌ನ ಅಲೆ ಹೆಚ್ಚೆಂದರೆ 120 ಹರ್ಟ್ಸ್ ಸರಿದು ಕೇಳಿಸುತ್ತದೆ, ಅದೂ ದಾರಿಯುದ್ದಕ್ಕೂ ತಿದ್ದುತ್ತ ಹೋಗಬೇಕಾದದ್ದೇ. ಕಳಿಸುವುದಕ್ಕೂ ಕೇಳುವುದಕ್ಕೂ ಒಂದೇ ತರಂಗಾಂತರವನ್ನು ಸರದಿಯಲ್ಲಿ ಬಳಸುವ ಜಾಲಗಳಲ್ಲಿ ಟವರ್ ಟವರ್‌ಗಳ ನಡುವೆಯೂ 3 ಮೈಕ್ರೊಸೆಕೆಂಡ್ ಮೀರದಂತೆ ತಾಳ ಕೂಡಬೇಕು. ಆ ಸಮಯವನ್ನು ಅವು ಹೆಚ್ಚಾಗಿ ಉಪಗ್ರಹಗಳಿಂದ ಪಡೆಯುತ್ತವೆ. ನಮ್ಮದೇ ನಾವಿಕ್ ಉಪಗ್ರಹಗಳ ಸಮಯ ಕಾಯುವ ಇಸ್ರೊ ಕೇಂದ್ರ 2013ರಿಂದ ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿದೆ.

ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 1963ರಲ್ಲಿ. ಅಲ್ಲಾಗಲಿ, ಈ ಜಿಲ್ಲೆಯಲ್ಲಿ ಬೇರೆಲ್ಲೇ ಆಗಲಿ, ಎಲೆಕ್ಟ್ರಾನಿಕ್ಸ್ ಓದುವ ಹುಡುಗ ಹುಡುಗಿಯರು ಪಾಠವನ್ನು ಹಲಗೆಯ ಮೇಲಿನ ಸಮೀಕರಣಕ್ಕೇ ಬಿಡಬಾರದು ಎಂಬುದು ನನ್ನ ಆಸೆ. ಆರ್‌ಟಿಎಲ್-ಎಸ್‌ಡಿಆರ್ ಎಂಬ ಅಗ್ಗದ ಯುಎಸ್‌ಬಿ ರಿಸೀವರ್, ಒಂದು ಲ್ಯಾಪ್‌ಟಾಪ್ ಇದ್ದರೆ 850 ಮೆಗಾಹರ್ಟ್ಸ್ ಬ್ಯಾಂಡಿನ 4ಜಿ ಟವರ್‌ನ ಆ ಸರಣಿಯನ್ನು ತಾವೇ ಹುಡುಕಬಹುದು. ಸುಮಾರು ಒಂದು ಮೆಗಾಹರ್ಟ್ಸ್ ಅಗಲದ ಸರಣಿಯಾದ್ದರಿಂದ ಒಂದು ಮೈಕ್ರೊಸೆಕೆಂಡಿಗಿಂತ ಹತ್ತಿರದ ಪ್ರತಿಧ್ವನಿಗಳು ಬೇರೆಬೇರೆಯಾಗಿ ಕಾಣಲಾರವು. ಆದರೂ ಹುನಗುಂದದ ಎರೆಹೊಲದ ಬಯಲಿನಲ್ಲೊಂದು, ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೊಂದು ದಾಖಲೆ ಮಾಡಿಕೊಂಡು ಶಿಖರಗಳ ಆಕಾರವನ್ನು ಪಕ್ಕಪಕ್ಕ ಇಟ್ಟು ನೋಡಲಿ. ಅದೇ ಅಳತೆಯನ್ನು ಮೇ ತಿಂಗಳ ಬೆಳಗಿನಲ್ಲೊಮ್ಮೆ, ಮಟಮಟ ಮಧ್ಯಾಹ್ನದಲ್ಲೊಮ್ಮೆ ಮಾಡಿದರೆ ತಮ್ಮ ರಿಸೀವರ್‌ನ ಕ್ರಿಸ್ಟಲ್ ಬಿಸಿಲಿಗೆ ಎಷ್ಟು ಹರ್ಟ್ಸ್ ದಾರಿ ತಪ್ಪಿತು ಎಂಬ ಲೆಕ್ಕವೂ ಕೈಗೆ ಸಿಗುತ್ತದೆ.