ಜೀಪಿನ ಮಾಸ್ಟರ್ ಸಿಲಿಂಡರ್ ಸೋರಿದರೆ ಏನು ಮಾಡಬೇಕು?

ಕಳೆದ ಕಾಫಿ ಕೊಯ್ಲಿನಲ್ಲಿ ಆರು ಮಂದಿ ಕೆಲಸದವರನ್ನು ಕೂರಿಸಿಕೊಂಡು ತೋಟದ ಇಳಿಜಾರು ಇಳಿಯುತ್ತಿದ್ದಾಗ, ನಮ್ಮ ಹಳೆಯ ಜೀಪಿನ ಬ್ರೇಕ್ ಪೆಡಲ್ ನೆಲಕ್ಕೆ ತಾಗಿತು. ಒಂದನೇ ಗೇರಿನಲ್ಲಿದ್ದುದರಿಂದ ಗಾಡಿಯನ್ನು ಬರೆಗೆ ಒರಗಿಸಿ ನಿಲ್ಲಿಸಿದೆವು. ಯಾರಿಗೂ ಪೆಟ್ಟಾಗಲಿಲ್ಲ. ತಪ್ಪು ನಮ್ಮದೇ. ಬ್ರೇಕ್ ಆಯಿಲ್ ವಾರವಾರವೂ ಇಳಿಯುತ್ತಿದ್ದುದನ್ನು ಕಂಡಿದ್ದರೂ, ತುಂಬಿಸಿ ಸುಮ್ಮನಾಗಿದ್ದೆವು. ಇಂಥ ಗಾಡಿಗಳು ನಮ್ಮ ಸದಸ್ಯರಲ್ಲಿ ಅನೇಕರ ಬಳಿ ಇರುವುದರಿಂದ ಈ ವಿಷಯವನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಆಯಿಲನ್ನು ಕೊಳವೆಗಳ ಮೂಲಕ ನಾಲ್ಕು ಚಕ್ರಗಳಿಗೂ ತಳ್ಳುತ್ತದೆ. ಹಳೆಯ ಜೀಪುಗಳಲ್ಲಿ ಇರುವುದು ಒಂದೇ ಮಾರ್ಗ. ಆದ್ದರಿಂದ ಒಂದು ಕಡೆ ಸೋರಿದರೆ ನಾಲ್ಕೂ ಚಕ್ರಗಳ ಬ್ರೇಕು ಹೋಗುತ್ತದೆ.

ಪಿಸ್ಟನ್ನಿಗೆ ಎರಡು ರಬ್ಬರ್ ಕಪ್ಪುಗಳಿವೆ. ಹಿಂದಿನದು ಸವೆದರೆ ಸಿಲಿಂಡರಿನ ಹಿಂಬದಿಯ ರಬ್ಬರ್ ಟೋಪಿ ಒದ್ದೆಯಾಗಿ ಆಯಿಲ್ ಇಳಿಯುತ್ತದೆ. ಮುಂದಿನದು ಸವೆದರೆ ಆಯಿಲ್ ಕಡಿಮೆಯಾಗುವುದಿಲ್ಲ. ಆದರೆ ಒತ್ತಿ ಹಿಡಿದ ಪೆಡಲ್ ಮೆಲ್ಲನೆ ಕುಸಿಯುತ್ತದೆ. ಬಿಚ್ಚುವ ಮೊದಲು ಚಕ್ರಗಳ ಒಳಬದಿಯನ್ನೂ ಕೊಳವೆಗಳನ್ನೂ ನೋಡಿರಿ.

ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಡಿರಿ. ಇಂಥ ಜೀಪುಗಳ ಕೈಬ್ರೇಕು ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುವಂಥದು. ಹಿಂದಿನ ಒಂದು ಚಕ್ರವನ್ನು ಜಾಕಿನಿಂದ ಎತ್ತಿದರೆ ಅದನ್ನು ನಂಬುವಂತಿಲ್ಲ.

ಸಿಲಿಂಡರನ್ನು ಇಳಿಸಿ, ಟೋಪಿ ಮತ್ತು ಸರ್ಕ್ಲಿಪ್ ತೆಗೆದು, ಪಿಸ್ಟನ್, ಕಪ್ಪು, ಸ್ಪ್ರಿಂಗ್, ವಾಲ್ವುಗಳನ್ನು ಬಂದ ಕ್ರಮದಲ್ಲೇ ಶುಭ್ರ ಬಟ್ಟೆಯ ಮೇಲಿಡಿರಿ. ಸ್ಪಿರಿಟ್ ಅಥವಾ ಹೊಸ ಬ್ರೇಕ್ ಆಯಿಲಿನಲ್ಲಿ ಮಾತ್ರ ತೊಳೆಯಿರಿ. ಪೆಟ್ರೋಲು, ಸೀಮೆಎಣ್ಣೆ, ಎಂಜಿನ್ ಆಯಿಲ್ ತಾಗಿದರೆ ರಬ್ಬರ್ ಉಬ್ಬಿ ಕೆಡುತ್ತದೆ. ಒಳಗೋಡೆಯನ್ನು ಟಾರ್ಚ್ ಬಿಟ್ಟು ನೋಡಿರಿ. ತುಕ್ಕಿನ ಗುಳಿಗಳಿದ್ದರೆ ಹೊಸ ಕಪ್ಪು ಹಾಕಿ ಪ್ರಯೋಜನವಿಲ್ಲ, ಸಿಲಿಂಡರನ್ನೇ ಬದಲಿಸಬೇಕು. ನುಣುಪಾಗಿದ್ದರೆ ಹೊಸ ಕಪ್ಪುಗಳನ್ನು ಬ್ರೇಕ್ ಆಯಿಲಿನಲ್ಲಿ ಅದ್ದಿ, ಎರಡರ ಬಾಯಿಯೂ ಸ್ಪ್ರಿಂಗಿನ ಕಡೆ ಇರುವಂತೆ ಕೂರಿಸಿರಿ.

ಜೋಡಿಸಿದ ಮೇಲೆ ಪೆಡಲಿನಲ್ಲಿ ಸುಮಾರು ಅರ್ಧ ಇಂಚು ಸಡಿಲ ಇರಬೇಕು. ಇಲ್ಲದಿದ್ದರೆ ಆಯಿಲ್ ಹಿಂತಿರುಗುವ ಸಣ್ಣ ರಂಧ್ರ ಮುಚ್ಚಿಕೊಂಡು, ಬ್ರೇಕು ಹಿಡಿದೇ ಇದ್ದು ಡ್ರಮ್ ಕಾಯುತ್ತದೆ. ಅನಂತರ ಅತಿ ದೂರದ ಚಕ್ರದಿಂದ ಆರಂಭಿಸಿ ಗಾಳಿ ತೆಗೆಯಿರಿ. ಒಬ್ಬರು ಪೆಡಲ್ ಒತ್ತಿ ಹಿಡಿದಾಗ ಇನ್ನೊಬ್ಬರು ನಿಪ್ಪಲ್ ಸಡಿಲಿಸಿ, ಕಾಲು ತೆಗೆಯುವ ಮೊದಲೇ ಬಿಗಿಯಬೇಕು. ಡಬ್ಬಿ ಬರಿದಾಗಲು ಬಿಡಬಾರದು.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಹೀರಿದ ಮೇಲೆ ಈ ಮಿತಿ 140ಕ್ಕೆ ಇಳಿಯುತ್ತದೆ. ಉದ್ದನೆಯ ಘಾಟಿ ಇಳಿಯುವಾಗ ಇದೇ ಅಪಾಯ. ನಮ್ಮ ಮಳೆನಾಡಿನಲ್ಲಿ ತೆರೆದಿಟ್ಟ ಹಳೆಯ ಡಬ್ಬಿಯ ಆಯಿಲ್ ಬಳಸಬೇಡಿರಿ. ಎರಡು ವರ್ಷಕ್ಕೊಮ್ಮೆಯಾದರೂ ಪೂರ್ತಿ ಬದಲಿಸಿರಿ.

ಕೊನೆಗೆ ಪೆಡಲನ್ನು ಒಂದು ನಿಮಿಷ ಬಲವಾಗಿ ಒತ್ತಿ ಹಿಡಿಯಿರಿ. ಕುಸಿಯದಿದ್ದರೆ ಮೊದಲು ಅಂಗಳದಲ್ಲಿ ಓಡಿಸಿ ನೋಡಿರಿ, ಆಮೇಲೆ ಇಳಿಜಾರು. ಕೈ ಪಳಗದವರು ಅನುಭವಿ ಮೆಕ್ಯಾನಿಕರಿಂದಲೇ ಮಾಡಿಸಲಿ. ಆಯಿಲ್ ಇಳಿಯುತ್ತಿದ್ದರೆ ಮಾತ್ರ ನಮ್ಮಂತೆ ತುಂಬಿಸಿ ಸುಮ್ಮನಿರಬೇಡಿರಿ. ಹಿಂದೆ ಕುಳಿತವರು ನಮ್ಮನ್ನು ನಂಬಿ ಹತ್ತಿದವರು.